ಉಂಡದ್ದು ಮೈಗೆ ಹತ್ತಬೇಕಲ್ಲ!

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ‘ಏನು ತಿಂದರೆ ರಕ್ತ ಹೆಚ್ಚುತ್ತದೆ?’, ‘ಮೂಳೆಗೆ ಯಾವುದು ಒಳ್ಳೆಯದು?’ ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿದ್ದ ನಾನೂ ಮೊದಮೊದಲು ಇಂಥದೇ ಪಟ್ಟಿ ಬರೆದು ಹಂಚುತ್ತಿದ್ದೆ. ನಮ್ಮಜ್ಜಿಯ ಪ್ರಶ್ನೆ ಮಾತ್ರ ಬೇರೆ ಇತ್ತು. ರಜೆಗೆ ಹೋದಾಗೆಲ್ಲ ನನ್ನ ರಟ್ಟೆ ಹಿಡಿದು ನೋಡಿ, “ಉಂಡದ್ದು ಮೈಗೆ ಹತ್ತುತ್ತಾ ಇಲ್ವಾ ಮಗಾ?” ಅನ್ನೋಳು. ಅವಳ ಪ್ರಶ್ನೆಯೇ ಸರಿ ಅಂತ ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಪ್ರಶ್ನೆ: ನನಗೆ 34 ವರ್ಷ. ಹಿಮೋಗ್ಲೋಬಿನ್ 9.2 ಇತ್ತು. ಆರು ತಿಂಗಳಿಂದ ದಿನಾ ಬೀಟ್‌ರೂಟ್ ಜ್ಯೂಸ್, ಎರಡು ಖರ್ಜೂರ, ಒಂದು ಅಚ್ಚು ಬೆಲ್ಲ ತಪ್ಪಿಸಿಲ್ಲ. ವಾರಕ್ಕೆ ಮೂರು ದಿನ ಸೊಪ್ಪು ಮಾಡುತ್ತೇನೆ. ಆದರೂ 9.4 ದಾಟಿಲ್ಲ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ ಬಿಟ್ಟೆ. ಇನ್ನೇನು ತಿನ್ನಲಿ?
— ಗೃಹಿಣಿ, ತಿಪಟೂರು

ಉತ್ತರ: ಇನ್ನೇನು ತಿನ್ನಬೇಕು ಅನ್ನುವುದು ಆಮೇಲಿರಲಿ ತಂಗಿ. ಊಟ ಆದ ಮೇಲೆ ಏನು ಕುಡಿಯುತ್ತೀರಿ ಅಂತ ಬರೆದೇ ಇಲ್ಲವಲ್ಲ?

ಮೊದಲು ಬೀಟ್‌ರೂಟ್ ವಿಚಾರ ಮುಗಿಸಿಬಿಡೋಣ. ಅದರ ಕೆಂಪಿಗೂ ರಕ್ತದ ಕೆಂಪಿಗೂ ನೆಂಟಸ್ತನವಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಸಿಗುವುದಿಲ್ಲ. ಎರಡು ಖರ್ಜೂರದಿಂದ ಹೆಚ್ಚೆಂದರೆ ಒಂದು ಮಿಲಿಗ್ರಾಂ. ಬೆಲ್ಲದಲ್ಲಿ ಅಷ್ಟಿಷ್ಟು ಉಂಟು, ಆದರೆ ಅದು ಮುಕ್ಕಾಲಿಗಿಂತ ಹೆಚ್ಚು ಸಕ್ಕರೆಯೇ. ನಿಮ್ಮ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸಿಗಾದರೆ 19 ಸಾಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿದೆ. ಇಷ್ಟು ದೊಡ್ಡ ಅಂಕಿ ಯಾಕೆಂದರೆ, ಸೊಪ್ಪು-ಕಾಳಿನಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಎಂಟು ಪಾಲು ರಕ್ತಕ್ಕೆ ದಾಟಿದರೆ ಅದೇ ದೊಡ್ಡದು. ಮಿಕ್ಕಿದ್ದು ಬಂದ ದಾರಿಗೆ ಸುಂಕವಿಲ್ಲದ ಹಾಗೆ ಹೊರಟುಹೋಗುತ್ತದೆ.

ಈಗ ನನ್ನ ಕತೆ ಕೇಳಿ, ಮರ್ಯಾದೆ ಹೋದರೂ ಚಿಂತೆಯಿಲ್ಲ. 1998ರ ಸುಮಾರು. ಪ್ರತಿ ಗುರುವಾರ ಬಸುರಿಯರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಚಿತ್ರಪಟ ತೋರಿಸಿ ಕಬ್ಬಿಣದ ಪಾಠ ಮಾಡುತ್ತಿದ್ದೆ. ಪಾಠ ಮುಗಿಸಿ ಮಹಡಿ ಮೆಟ್ಟಿಲು ಹತ್ತುವಾಗ ನನಗೇ ಏದುಸಿರು. ಒಂದು ದಿನ ಲ್ಯಾಬಿನ ಹುಡುಗ ತಮಾಷೆಗೆ “ಬನ್ನಿ ಮೇಡಂ, ನಿಮ್ಮದೂ ನೋಡೋಣ” ಅಂತ ಬೆರಳು ಚುಚ್ಚಿದ. 8.6! ಹಿತ್ತಲಲ್ಲಿ ನುಗ್ಗೆ, ದಂಟು ಬೆಳೆದು ತಿನ್ನುವವಳಿಗೆ 8.6. ಆಮೇಲೆ ಕೂತು ಯೋಚಿಸಿದಾಗ ಕಳ್ಳ ಸಿಕ್ಕಿಬಿದ್ದ. ಬೆಳಗಿನ ತಿಂಡಿಯಾಗಲಿ ಮಧ್ಯಾಹ್ನದ ಊಟವಾಗಲಿ, ತೊಳೆದ ಕೈ ಆರುವ ಮೊದಲೇ ನನಗೊಂದು ಲೋಟ ಗಟ್ಟಿ ಫಿಲ್ಟರ್ ಕಾಫಿ ಬೇಕು.

ಕಾಫಿ, ಟೀಯಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕರುಳಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಒಳಗೆ ಬಿಡುವುದಿಲ್ಲ. ಊಟದ ಜೊತೆ ಟೀ ಕುಡಿದರೆ ಒಳಸೇರುವ ಕಬ್ಬಿಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಾಫಿಯ ಹಾವಳಿ ಸ್ವಲ್ಪ ಕಡಿಮೆ, ಅಷ್ಟೇ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಏನೂ ತೊಂದರೆಯಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದರೆ ಮಾತ್ರ ಊಟದ ಜೊತೆಗೇ ಕುಡಿದಷ್ಟೇ ನಷ್ಟ. ಹಾಗಾಗಿ ಎರಡು ಗಂಟೆ ಬಿಡಿ. ನಾನು ಮಧ್ಯಾಹ್ನದ ಕಾಫಿಯನ್ನು ನಾಲ್ಕು ಗಂಟೆಗೆ ತಳ್ಳಿದೆ. ಹುರುಳಿಕಾಳಿನ ಸಾರು ತಟ್ಟೆಗೆ ಬಿದ್ದ ಮೇಲೆ ಅರ್ಧ ನಿಂಬೆ ಹಿಂಡಿಕೊಳ್ಳುವ ಅಭ್ಯಾಸ ಮಾಡಿದೆ. ಊಟದ ಕೊನೆಗೆ ಒಂದು ಸೀಬೆಹಣ್ಣು. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ದಾಟಿ ವಿಟಮಿನ್ ಸಿ ಇದೆ, ಕಿತ್ತಳೆಯ ನಾಲ್ಕು ಪಟ್ಟು. ಟ್ಯಾನಿನ್ ಬಾಗಿಲು ಹಾಕಿದರೆ ವಿಟಮಿನ್ ಸಿ ಬಾಗಿಲು ತೆಗೆಯುತ್ತದೆ. ಜೊತೆಗೆ ಮಾತ್ರೆಯನ್ನೂ ನುಂಗಿದೆ. ನಾಲ್ಕು ತಿಂಗಳಿಗೆ 11.8 ಬಂತು.

ಹೌದು, ಮಾತ್ರೆ. 9.4ರಿಂದ, ಇರಬೇಕಾದ 12ಕ್ಕೆ ಬರೀ ಊಟದಲ್ಲಿ ಏರುವುದು ಕಷ್ಟ ತಂಗಿ, ಅದನ್ನು ಬಿಡಬೇಡಿ. ಖಾಲಿ ಹೊಟ್ಟೆಗೆ ಆಗದಿದ್ದರೆ ಊಟವಾದ ಮೇಲೆ ನಿಂಬೆ ಪಾನಕದ ಜೊತೆ ತಗೊಳ್ಳಿ. ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದಕ್ಕೆ ಬೇರೆ ಹೊತ್ತು ಗೊತ್ತುಮಾಡಿ. ಮಲ ಕಪ್ಪಗಾದರೆ ಗಾಬರಿ ಬೇಡ. ಅಷ್ಟಾದರೂ ತೊಳಸಿದರೆ ದಿನ ಬಿಟ್ಟು ದಿನ ತಗೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿ, ಒಪ್ಪುವವರು ಈಗ ಬಹಳ ಮಂದಿ. ಇನ್ನೆರಡು ಮಾತು: ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಅದನ್ನು ಮೊದಲು ತೋರಿಸಿ. ತಳ ತೂತಾದ ಬಿಂದಿಗೆಗೆ ಎಷ್ಟು ನೀರು ಸೇದಿ ಹಾಕಿದರೇನು? ಬರಿಗಾಲಲ್ಲಿ ತೋಟಕ್ಕೆ ಹೋಗುವ ಅಭ್ಯಾಸವಿದ್ದರೆ ಕೊಕ್ಕೆಹುಳುವಿನ ಬಗ್ಗೆಯೂ ಕೇಳಿ, ಒಂದು ಮಾತ್ರೆಯ ಕೆಲಸ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ 47.8 ಶೇಕಡ ಮಂದಿಗೆ ರಕ್ತಹೀನತೆ ಕಂಡಿತ್ತು. ಅಂದರೆ ನಿಮ್ಮ ಪಕ್ಕದ ಮನೆಯಾಕೆಗೂ ಇದ್ದೀತು. ಅವರಿಗೂ ಕಾಫಿ ಹೊತ್ತು ಬದಲಾಯಿಸಲು ಹೇಳಿ.

ಪ್ರಶ್ನೆ: ನನಗೆ 58. ವ್ಯವಸಾಯ. ಎರಡು ವರ್ಷದಿಂದ ಶುಗರ್. ಅನ್ನ ಬಿಟ್ಟು ಹಿಟ್ಟು ಉಣ್ಣಿ ಅಂದರು. ಈಗ ಮಧ್ಯಾಹ್ನ ಎರಡು, ರಾತ್ರಿ ಎರಡು ಮುದ್ದೆ, ಬೆಳಿಗ್ಗೆ ರಾಗಿ ಅಂಬಲಿ. ಅನ್ನದ ಅಗುಳು ಮುಟ್ಟಿಲ್ಲ. ಊಟದ ನಂತರದ ಶುಗರ್ 260 ತೋರಿಸುತ್ತಿದೆ. ರಾಗಿಯಲ್ಲೂ ಕಲಬೆರಕೆ ಇದೆಯಾ?
— ರೈತರು, ಮಂಡ್ಯ ಜಿಲ್ಲೆ

ಉತ್ತರ: ರಾಗಿಯಲ್ಲಿ ಕಲಬೆರಕೆ ಇಲ್ಲ ಅಣ್ಣ, ಲೆಕ್ಕದಲ್ಲಿ ಇದೆ.

ನಿಮ್ಮ ಪತ್ರ ಓದಿದ ದಿನ ನಮ್ಮ ಮನೆಯಲ್ಲಿ ಕಟ್ಟಿದ ಮುದ್ದೆಯನ್ನು ತಕ್ಕಡಿಗೆ ಇಟ್ಟೆ. 310 ಗ್ರಾಂ ತೂಗಿತು. ಅದಕ್ಕೆ ಹಿಡಿದ ಹಿಟ್ಟು 100 ಗ್ರಾಂ. ಆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಪಿಷ್ಟ. ಅಕ್ಕಿಯಲ್ಲಾದರೆ 78. ವ್ಯತ್ಯಾಸ ಇದೆ, ಆದರೆ ಆಕಾಶ-ಭೂಮಿಯಷ್ಟಲ್ಲ. ನಮ್ಮದು ಪಟ್ಟಣದ ಮುದ್ದೆ, ನಿಮ್ಮ ಕಡೆಯ ಮುದ್ದೆಯ ಗಾತ್ರ ನನಗೆ ಚೆನ್ನಾಗಿ ಗೊತ್ತು. ಎರಡು ಮುದ್ದೆ ಇಳಿಸಿದರೆ ಒಂದೇ ಊಟಕ್ಕೆ 150 ಗ್ರಾಂ ಪಿಷ್ಟವಾದರೂ ಆಶ್ಚರ್ಯವಿಲ್ಲ. ಅನ್ನವನ್ನು ನೀವು ಬಿಟ್ಟಿಲ್ಲ, ಅನ್ನದ ಜಾಗದಲ್ಲಿ ಅದಕ್ಕಿಂತ ದೊಡ್ಡದನ್ನು ತಂದು ಕೂರಿಸಿದ್ದೀರಿ.

ರಾಗಿಯಲ್ಲಿ ನಾರು ಜಾಸ್ತಿ, ನಿಜ. 100 ಗ್ರಾಂಗೆ 11 ಗ್ರಾಂ. ಆದರೆ ಗಿರಣಿಯಲ್ಲಿ ನುಣ್ಣಗೆ ಬೀಸಿ, ಎಸರಲ್ಲಿ ಚೆನ್ನಾಗಿ ಬೇಯಿಸಿ, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿದ ಮೇಲೆ ಆ ಪಿಷ್ಟ ಕರಗಲು ತಡವೇನೂ ಮಾಡುವುದಿಲ್ಲ. ಅದರ ಮೇಲೆ ಮುದ್ದೆಯನ್ನು ನಾವು ಅಗಿಯುವುದೂ ಇಲ್ಲ, ನುಂಗುತ್ತೇವೆ. ಅಂಬಲಿ ಇನ್ನೂ ಬೇಗ ಇಳಿಯುತ್ತದೆ. ‘ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟ’ ಅನ್ನುವ ಗಾದೆಯಲ್ಲಿ ಬೆಟ್ಟ ಕೀಳುವ ಕೆಲಸವೂ ಇದೆ ನೋಡಿ. ಗದ್ದೆಗೆ ಈಗ ಬೈಕಿನಲ್ಲಿ ಹೋಗಿ, ಉಳುಮೆಗೆ ಟ್ರ್ಯಾಕ್ಟರ್ ಕರೆಸುವ ಕಾಲ. ಬೆಟ್ಟ ಹಾಗೇ ಉಳಿದಿದೆ, ಹಿಟ್ಟು ಮಾತ್ರ ಕಡಿಮೆಯಾಗಿಲ್ಲ.

ಹಾಗಂತ ರಾಗಿ ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ದಿನದ ಅಗತ್ಯದ ಮೂರನೇ ಒಂದು ಪಾಲು. ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ‘ಸಿರಿಧಾನ್ಯ’ ಅಂತ ಒಂದೇ ಚೀಲಕ್ಕೆ ತುಂಬಿ ಮಾರುವ ನವಣೆಯಲ್ಲಿ ಸಿಗುವುದು 30ರ ಆಸುಪಾಸು. ಅಂದ ಹಾಗೆ ನಿಮ್ಮ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲೇ ಅಲ್ಲವೇ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದದ್ದು! ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಆ ಮಣ್ಣಿನವರಿಗೆ ರಾಗಿ ಬಿಡಿ ಅನ್ನಲಾದೀತೇ?

ಮಾಡಬೇಕಾದ್ದು ಇಷ್ಟು. ಮುದ್ದೆ ಒಂದೇ, ಅದೂ ಟೆನಿಸ್ ಚೆಂಡಿಗಿಂತ ಒಂದಿಷ್ಟು ದೊಡ್ಡದು. ಸಾರು ಅಂದರೆ ತಿಳಿಯಲ್ಲ, ತಳದಿಂದ ಸೌಟು ಹಾಕಿ ಎತ್ತಿದ ಕಾಳು. ಹುರುಳಿ, ಅವರೆ, ಅಲಸಂದೆ ಯಾವುದಾದರೂ ಸರಿ, ಒಂದು ಬಟ್ಟಲು ತುಂಬ. ಪಲ್ಯ ಮುದ್ದೆಯಷ್ಟೇ ದೊಡ್ಡ ಗುಡ್ಡೆ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಮುದ್ದೆ ಮುರಿಯಿರಿ. ಅಂಬಲಿಗೆ ಬದಲು ಬೆಳಿಗ್ಗೆ ಮೊಳಕೆ ಹೆಸರುಕಾಳು, ಒಂದು ಮೊಟ್ಟೆ. ಊಟವಾಗಿ ಹದಿನೈದು ನಿಮಿಷ ಬದುವಿನ ಮೇಲೆ ನಡೆಯಿರಿ. ಇನ್ನೊಂದು ವಿಷಯ ಮರೆಯಬೇಡಿ: ಶುಗರ್ ಮಾತ್ರೆ ಅಥವಾ ಇಂಜೆಕ್ಷನ್ ನಡೆಯುತ್ತಿರುವಾಗ ಊಟ ಒಮ್ಮೆಗೇ ಅರ್ಧ ಮಾಡಿದರೆ ಶುಗರ್ ತೀರ ಇಳಿದು ತಲೆ ತಿರುಗಬಹುದು. ಡಾಕ್ಟರಿಗೆ ಹೇಳಿಯೇ ಶುರುಮಾಡಿ.

ಪ್ರಶ್ನೆ: ಸೊಪ್ಪು ಬೇಯಿಸಿದ ಹಸಿರು ನೀರನ್ನು ನಾನು ಸಿಂಕಿಗೆ ಚೆಲ್ಲುತ್ತೇನೆ, ಔಷಧಿ ಹೊಡೆದಿರುತ್ತಾರಲ್ಲ, ಅದೆಲ್ಲ ಹೋಗಲಿ ಅಂತ. ಹಾಸನದಿಂದ ಬಂದ ಅತ್ತೆ ನೋಡಿ ಎರಡು ದಿನ ಮಾತು ಬಿಟ್ಟಿದ್ದರು. ಯಾರು ಸರಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅತ್ತೆ ಸರಿ. ಮಾತು ಬಿಟ್ಟದ್ದೊಂದು ಸರಿಯಲ್ಲ.

ಸೊಪ್ಪಿನ ಫೋಲೇಟ್, ವಿಟಮಿನ್ ಸಿ ಎರಡೂ ನೀರಲ್ಲಿ ಕರಗುವವು. ಕುದಿಸಿದಾಗ ಅವುಗಳಲ್ಲಿ ಬಹಳ ಪಾಲು ಎಲೆ ಬಿಟ್ಟು ನೀರಿಗಿಳಿಯುತ್ತದೆ. ನೀವು ಚೆಲ್ಲುವುದು ಅದನ್ನೇ. ಸೊಪ್ಪು ತೊಳೆಯಬೇಕಾದ್ದು ಬೇಯಿಸುವ ಮೊದಲು, ಹೆಚ್ಚುವುದಕ್ಕೂ ಮೊದಲು: ಅಗಲ ಪಾತ್ರೆಯ ನೀರಲ್ಲಿ ಅದ್ದಿ, ಅಲುಗಿಸಿ, ಮೇಲೆತ್ತಿ. ಸೊಪ್ಪಿನ ಮೇಲೆಯೇ ನೀರು ಬಗ್ಗಿಸಿದರೆ ಮಣ್ಣು ಅಲ್ಲೇ ಕೂರುತ್ತದೆ. ಮೂರು ನೀರು ಬದಲಾಯಿಸಿ. ಹೆಚ್ಚಿದ ಮೇಲೆ ತೊಳೆದರೆ ಸಾರವೂ ಜೊತೆಗೇ ಹೋಗುತ್ತದೆ.

ಹಾಸನ, ಮಂಡ್ಯದ ಹೆಂಗಸರು ಈ ನೀರಿಗೆಂದೇ ಒಂದು ಸಾರು ಕಂಡುಹಿಡಿದಿದ್ದಾರೆ. ಬಸಿದು ಮಾಡುವ ಸಾರು, ಅದಕ್ಕೇ ಬಸ್ಸಾರು. ಮೊದಲು ಬೇಳೆ, ಅದು ಮುಕ್ಕಾಲು ಬೆಂದಾಗ ದಂಟಿನ ಸೊಪ್ಪೋ ಬೆರಕೆ ಸೊಪ್ಪೋ ಹಾಕಿ ಹತ್ತು ನಿಮಿಷ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಆಗ ಬಸಿಯಬೇಕು. ಮೇಲೆ ನಿಂತದ್ದು ಪಲ್ಯಕ್ಕೆ: ಒಗ್ಗರಣೆ, ಈರುಳ್ಳಿ, ಕಾಯಿತುರಿ. ಕೆಳಗಿಳಿದ ಹಸಿರು ನೀರು ಸಾರಿಗೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿ, ಕಾಯಿ, ಹುಣಸೆಹಣ್ಣು ರುಬ್ಬುವಾಗ ಬೆಂದ ಸೊಪ್ಪು-ಬೇಳೆಯನ್ನೇ ಒಂದು ಹಿಡಿ ಸೇರಿಸುತ್ತಾರೆ, ಸಾರಿಗೆ ಮೈ ಬರಲಿ ಅಂತ. ಒಂದು ಹನಿಯೂ ಹಾಳಿಲ್ಲ. ಒಗ್ಗರಣೆಯ ಎಣ್ಣೆಗೂ ಕೆಲಸವಿದೆ, ಸೊಪ್ಪಿನಲ್ಲಿರುವ ವಿಟಮಿನ್ ಎ ಮೂಲದ ಬಣ್ಣ ಒಳಸೇರಲು ಜಿಡ್ಡು ಬೇಕು. ಬರೀ ನೀರಲ್ಲಿ ಬೇಯಿಸಿ ಉಪ್ಪು ಉದುರಿಸಿ ತಿನ್ನುವ ‘ಡಯಟ್’ ಪಲ್ಯಕ್ಕಿಂತ ಅತ್ತೆಯ ಒಗ್ಗರಣೆ ವಾಸಿ.

ಚೆಲ್ಲಲೇಬೇಕಾದವರೂ ಇದ್ದಾರೆ. ಕಿಡ್ನಿ ತೊಂದರೆಯಿದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದರೆ ಈ ನೀರು ಅವರಿಗೆ ಬೇಡ. ಪಾಲಕ್ ಬಗ್ಗೆ ಒಂದು ಮಾತು: ಅದರ ಕ್ಯಾಲ್ಸಿಯಂ ಆಕ್ಸಲೇಟ್ ಜೊತೆ ಗಂಟುಬಿದ್ದಿರುವುದರಿಂದ ನಮಗೆ ದಕ್ಕುವುದು ತೀರ ಕಮ್ಮಿ. ಪಾಲಕ್‌ಗೆ ಕೊಡುವ ಮರ್ಯಾದೆಯಲ್ಲಿ ಅರ್ಧವನ್ನಾದರೂ ನುಗ್ಗೆಸೊಪ್ಪಿಗೆ ಕೊಡಿ.

ಪ್ರಶ್ನೆ: ವಯಸ್ಸು 22, ತೂಕ 65 ಕೆಜಿ, ಜಿಮ್‌ಗೆ ಹೋಗುತ್ತೇನೆ. ಟ್ರೈನರ್ ತಿಂಗಳಿಗೊಂದು ಡಬ್ಬಿ ಪ್ರೋಟೀನ್ ಪೌಡರ್ ತಗೋ ಅಂತಾರೆ. ಒಂದು ಡಬ್ಬಿಗೆ ಮೂರು ಸಾವಿರ. ಅಪ್ಪ ಬೈತಾರೆ.
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಪ್ಪನ ದುಡ್ಡು ಉಳಿಸೋಣ ಬಾರಪ್ಪ. ಸಾಮಾನ್ಯರಿಗೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವ ನಿನಗೆ 1.2ರಿಂದ 1.6 ಅಂತ ಇಟ್ಟುಕೊಂಡರೂ 78ರಿಂದ 104 ಗ್ರಾಂ. ಮೂರು ಮೊಟ್ಟೆಗೆ 18. ಅರ್ಧ ಲೀಟರ್ ಹಾಲಿಗೆ 16. 50 ಗ್ರಾಂ ಶೇಂಗಾಕ್ಕೆ 12. ಅಷ್ಟೇ ತೂಕದ ಒಣ ಕಾಳಿನಿಂದ ಮಾಡಿದ ಪಲ್ಯಕ್ಕೆ 11. ನಾಲ್ಕು ಜೋಳದ ರೊಟ್ಟಿಗೆ 20. ಆಗಲೇ 77 ಆಯ್ತು. 30 ಗ್ರಾಂ ಸೋಯಾ ಚಂಕ್ಸ್ ಹಾಕಿದರೆ ಇನ್ನೊಂದು 15. ಮೊಟ್ಟೆ ತಿನ್ನುವುದಿಲ್ಲವಾದರೆ ಪುಟಾಣಿ, ಮೊಸರು, ಬೇಳೆ ಹೆಚ್ಚಿಸು. ಪೌಡರ್ ವಿಷವೇನಲ್ಲ, ಆದರೆ 2024ರಲ್ಲಿ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಅದರ ಗೋಜಿಗೆ ಹೋಗಬೇಡಿ ಅಂತಲೇ ಹೇಳಿದೆ. ಸಂಜೆ ಜಿಮ್ ಮುಗಿಸಿ ಮಿರ್ಚಿ-ಮಂಡಕ್ಕಿ ಗಾಡಿ ಮುಂದೆ ನಿಲ್ಲುತ್ತೀಯಲ್ಲ, ಮಿರ್ಚಿ ಒಂದಕ್ಕೆ ನಿಲ್ಲಿಸಿ ಮಂಡಕ್ಕಿಗೆ ಶೇಂಗಾ ಜಾಸ್ತಿ ಹಾಕಿಸಿಕೋ.

ಪ್ರಶ್ನೆ: ರೇಷನ್ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು. ನೀರಿಗೆ ಹಾಕಿದರೆ ತೇಲುತ್ತದೆ. ಪ್ಲಾಸ್ಟಿಕ್ ಅಂತ ಎಲ್ಲರೂ ಆರಿಸಿ ಬಿಸಾಡುತ್ತೇವೆ.
— ಅಂಗನವಾಡಿ ಸಹಾಯಕಿ, ರಾಯಚೂರು ಜಿಲ್ಲೆ

ಉತ್ತರ: ಅಯ್ಯೋ, ಬಿಸಾಡಬೇಡಿರಿ! ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರ ಕೊಟ್ಟ ಕಾಳು ಅದು. ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಸಾರವರ್ಧಿತ ಅಕ್ಕಿ ಅಂತ ಹೆಸರು. ಮೊದಲನೇ ಪ್ರಶ್ನೆಯ ಕಾಯಿಲೆಗೆ ಸರ್ಕಾರ ಕೊಡುವ ಮದ್ದನ್ನೇ ನಾವು ಮೊರದಲ್ಲಿ ಆರಿಸಿ ಕೋಳಿಗೆ ಹಾಕುತ್ತಿದ್ದೇವೆ. ಅಕ್ಕಿಯನ್ನು ಉಜ್ಜಿ ಉಜ್ಜಿ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲದೆ ನೀರು ಹಿಂಗುವಂತೆ ಅನ್ನ ಮಾಡಿ. ನಿಮ್ಮ ಮಾತು ಊರಲ್ಲಿ ನಡೆಯುತ್ತದೆ, ನಾಲ್ಕು ಮನೆಗೆ ಹೇಳಿ.

ಪ್ರಶ್ನೆ: ನಮ್ಮದು ಮೊದಲಿನಿಂದಲೂ ಕುಚ್ಚಲಕ್ಕಿ ಊಟ. ಮೈಸೂರು ಕಡೆಯ ಸೊಸೆ ಬಂದ ಮೇಲೆ ಬೆಳ್ತಿಗೆ ಅಕ್ಕಿ ಶುರುವಾಗಿದೆ. ಕುಚ್ಚಲು ಒರಟು, ವಾಸನೆ ಅಂತಾಳೆ. ನನಗೆ ಬೆಳ್ತಿಗೆ ಉಂಡರೆ ಉಂಡ ಹಾಗೇ ಆಗುವುದಿಲ್ಲ.
— ಅಜ್ಜಿ, ಪುತ್ತೂರು

ಉತ್ತರ: ನಿಮ್ಮ ಹೊಟ್ಟೆ ಹೇಳುವುದರಲ್ಲಿ ಅರ್ಥವಿದೆ ಅಮ್ಮ. ಕುಚ್ಚಲಿಗೆ ಭತ್ತವನ್ನು ನೆನೆಸಿ, ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ ಆಮೇಲೆ ಗಿರಣಿಗೆ ಹಾಕುತ್ತಾರೆ. ಬೇಯುವಾಗ ತೌಡಿನಲ್ಲಿದ್ದ ಬಿ1 ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಬೆಳ್ತಿಗೆಯಲ್ಲಿ ಅದು ಪಾಲಿಶ್ ಮಾಡುವಾಗ ತೌಡಿನ ಜೊತೆ ಹೋಗಿಬಿಡುತ್ತದೆ.

ಈ ಬಿ1 ಹಿಂದೆ ದೊಡ್ಡ ಚರಿತ್ರೆಯೇ ಇದೆ. ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡು ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಕಂಡ. ಬೆರಿಬೆರಿ ಕಾಯಿಲೆಯ ಗುಟ್ಟು ಹಾಗೆ ಬಯಲಾಗಿ, 1929ರಲ್ಲಿ ಅವನಿಗೆ ನೊಬೆಲ್ ಬಂತು. ನಮ್ಮಲ್ಲಿ ಕುನೂರಿನಲ್ಲಿ 1918ರಲ್ಲಿ ಬೆರಿಬೆರಿ ಶೋಧನೆಗೆಂದು ಬ್ರಿಟಿಷ್ ವೈದ್ಯ ಮೆಕ್‌ಕ್ಯಾರಿಸನ್ ಒಂದೇ ಕೋಣೆಯಲ್ಲಿ ಶುರುಮಾಡಿದ ಪ್ರಯೋಗಾಲಯವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ನಾನು ಮಾತು ಮಾತಿಗೂ ಹೆಸರು ಹೇಳುವ ಪೋಷಣಾ ಸಂಸ್ಥೆಯಾದದ್ದು. ಈಗ ಬೇಳೆ, ಕಾಳು, ತರಕಾರಿ ಎಲ್ಲ ತಿನ್ನುವ ಮನೆಯಲ್ಲಿ ಬೆಳ್ತಿಗೆ ಉಂಡರೂ ಬೆರಿಬೆರಿ ಬರುವುದಿಲ್ಲ. ಹಾಗಾಗಿ ಸೊಸೆಯ ಮೇಲೆ ಈ ಪುಟ ಬೀಸಬೇಡಿ. ರಾತ್ರಿಗೆ ನಿಮ್ಮ ಗಂಜಿ, ಮಧ್ಯಾಹ್ನಕ್ಕೆ ಅವಳ ಬೆಳ್ತಿಗೆ. ಗಂಜಿಗೆ ಹುರುಳಿ ಚಟ್ನಿ ಮಾಡಿ ಬಡಿಸಿ, ಅವಳೂ ಒಂದು ದಿನ ಬಟ್ಟಲು ತಂದಾಳು.

ಪ್ರಶ್ನೆ: ನಿವೃತ್ತ ಶಿಕ್ಷಕ, 67 ವರ್ಷ. ಹನ್ನೆರಡು ವರ್ಷದಿಂದ ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆ. ಅಂಗಾಲು ಜುಮುಗುಡುತ್ತದೆ, ಚಪ್ಪಲಿ ಜಾರಿಹೋದರೂ ತಿಳಿಯುವುದಿಲ್ಲ. ಶುದ್ಧ ಸಸ್ಯಾಹಾರಿ. ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಮೊಳಕೆ ಕಾಳು ದಿನಾ ಇರುತ್ತವೆ. ಕೊರತೆ ಎಲ್ಲಿ?
— ಧಾರವಾಡ

ಉತ್ತರ: ಸರ್, ಈ ವಾಕ್ಯ ಓದಿ ಪತ್ರಿಕೆ ಮಡಚಿಟ್ಟು ಬಿ12 ರಕ್ತಪರೀಕ್ಷೆಗೆ ಹೋಗಿ ಬನ್ನಿ.

ಹೋಗಿ ಬಂದಿರಾ? ಈಗ ಕಾರಣ ಹೇಳುತ್ತೇನೆ. ನಿಮ್ಮ ಊಟದಲ್ಲಿ ತಪ್ಪು ಹುಡುಕುವಂತಿಲ್ಲ. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಧಾರಾಳ, ಗುರೆಳ್ಳಿನಲ್ಲಿ ಕಬ್ಬಿಣ. ಆದರೆ ಬಿ12 ಅನ್ನುವುದು ಯಾವ ಗಿಡವೂ ಮಾಡುವುದಿಲ್ಲ. ಅದನ್ನು ಮಾಡುವುದು ಸೂಕ್ಷ್ಮಜೀವಿಗಳು, ನಮಗೆ ತಲುಪುವುದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ ಅನ್ನುವ ಮಾತನ್ನು ನಂಬಿ ಕೂರಬೇಡಿ. ಸಸ್ಯಾಹಾರಿಗೆ ಉಳಿದಿರುವುದು ಹಾಲು, ಮೊಸರು. ಅದರಲ್ಲಿದ್ದಷ್ಟನ್ನೂ ಕರುಳು ಹೀರದಂತೆ ಮೆಟ್‌ಫಾರ್ಮಿನ್ ಅಡ್ಡಿ ಮಾಡುತ್ತದೆ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗುವುದು ಮೂರನೇ ಏಟು. ಬೇಕಾಗುವುದು ತೀರ ಸ್ವಲ್ಪ, ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಎರಡೋ ಮೂರೋ ಪಾಲು. ಲಿವರಿನಲ್ಲಿ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ ಖಾಲಿಯಾದದ್ದು ಗೊತ್ತಾಗುವ ಹೊತ್ತಿಗೆ ನರಗಳು ಸೊರಗಿರುತ್ತವೆ.

ಶುಗರಿನಿಂದಲೂ ಕಾಲು ಹೀಗಾಗುತ್ತದೆ. ಅದಕ್ಕೇ ‘ಶುಗರ್ ಅಲ್ವಾ’ ಅಂತ ಎಲ್ಲರೂ ಸುಮ್ಮನಾಗುವುದು. ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂದರೆ ಚುಚ್ಚುಮದ್ದೋ ಮಾತ್ರೆಯೋ ಡಾಕ್ಟರ್ ಕೊಡುತ್ತಾರೆ. ಅಂಗಡಿಯಿಂದ ಬರೀ ಫೋಲಿಕ್ ಆಮ್ಲ ತಂದು ನುಂಗಬೇಡಿ, ರಕ್ತ ಸರಿಹೋದಂತೆ ಕಾಣುತ್ತದೆ, ನರದ ಪೆಟ್ಟು ಒಳಗೊಳಗೇ ಮುಂದುವರಿಯುತ್ತದೆ. ಮೆಟ್‌ಫಾರ್ಮಿನ್ ನೀವಾಗಿಯೇ ನಿಲ್ಲಿಸಲೂಬೇಡಿ. ಎಡಬಲ ನೋಡದೆ ಬರಿಗಾಲಲ್ಲಿ ಅಂಗಳಕ್ಕಿಳಿಯಬೇಡಿ, ಮುಳ್ಳು ಚುಚ್ಚಿದರೂ ನಿಮಗೆ ತಿಳಿಯುವುದಿಲ್ಲ.

ಪ್ರಶ್ನೆ: ಸೈಂಧವ ಲವಣ ಆರೋಗ್ಯಕ್ಕೆ ಒಳ್ಳೆಯದೆಂದು ಪುಡಿ ಉಪ್ಪು ಪೂರ್ತಿ ಬಿಟ್ಟಿದ್ದೇವೆ. ಸರಿಯೇ?
— ಶಿರಸಿ

ಉತ್ತರ: ಸರಿಯಲ್ಲ. ಬಣ್ಣ ಗುಲಾಬಿಯಾದರೂ ಅದು ಸೋಡಿಯಂ ಕ್ಲೋರೈಡೇ. ಪೊಟ್ಟಣದ ಮೇಲೆ ‘ಅಯೋಡಿನ್‌ಯುಕ್ತ’ ಅಂತ ಇಲ್ಲದಿದ್ದರೆ ಮನೆಮಂದಿಗೆಲ್ಲ ಅಯೋಡಿನ್ ತಪ್ಪಿದಂತೆ. ಮನೆಯಲ್ಲಿ ಬಸುರಿಯಿದ್ದರೆ ಇವತ್ತೇ ಬದಲಾಯಿಸಿ. ಯಾವ ಉಪ್ಪಾದರೂ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಸೇರಿತು.

ಪ್ರಶ್ನೆ: ಮಗುವಿಗೆ ಏಳು ತಿಂಗಳು. ರಾಗಿ ಸರಿ ಮಾಡಿದರೆ ಗಟ್ಟಿಯಾಗಿ ಗಂಟಲಿಗೆ ಹಿಡಿಯುತ್ತದೆ, ತೆಳ್ಳಗೆ ಮಾಡಿದರೆ ಬರೀ ನೀರು. ಡಬ್ಬಿ ಆಹಾರ ತರಲೇ?
— ತಾಯಿ, ಚಿತ್ರದುರ್ಗ

ಉತ್ತರ: ಡಬ್ಬಿ ಬೇಡಮ್ಮ, ರಾಗಿಗೆ ಮೊಳಕೆ ಬರಿಸು. ಕಲ್ಲು ಮಣ್ಣು ಆರಿಸಿ, ತೊಳೆದು, ರಾಗಿಯನ್ನು ಒಂದು ರಾತ್ರಿ ನೆನೆಹಾಕು. ಬೆಳಿಗ್ಗೆ ನೀರು ಬಸಿದು ತೆಳು ಪಂಚೆ ಬಟ್ಟೆಯಲ್ಲಿ ಗಂಟುಕಟ್ಟಿ ನೆರಳಲ್ಲಿ ತೂಗುಹಾಕು, ಬಟ್ಟೆ ಒಣಗಿದಾಗ ನೀರು ಚಿಮುಕಿಸು. ಮಾರನೇ ದಿನಕ್ಕೆ ಬಟ್ಟೆಯ ಸಂದಿಯಿಂದ ಬಿಳಿ ಎಳೆಗಳು ಇಣುಕುತ್ತವೆ. ಬಿಚ್ಚಿ ಬಿಸಿಲಲ್ಲಿ ತೆಳ್ಳಗೆ ಹರಡಿ ಗರಿಗರಿ ಒಣಗಿಸು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಎಸೆ, ಮಗುವಿನ ವಿಷಯದಲ್ಲಿ ಲೋಭ ಬೇಡ. ಆಮೇಲೆ ಬಾಣಲೆಯಲ್ಲಿ ಬೆಚ್ಚಗಾಗುವಷ್ಟು ಮಾತ್ರ ಹುರಿದು ಬೀಸಿಸಿ, ಬಟ್ಟೆಯಲ್ಲಿ ಸೋಸಿ ಡಬ್ಬಕ್ಕೆ ತುಂಬು.

‘ಬೆಚ್ಚಗಾಗುವಷ್ಟು ಮಾತ್ರ’ ಅಂದದ್ದಕ್ಕೆ ಕಾರಣವಿದೆ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ. ಸರಿ ಕಾಯಿಸುವಾಗ ಅದು ಪಿಷ್ಟವನ್ನು ಕತ್ತರಿಸಿ ತೆಳ್ಳಗೆ ಮಾಡುತ್ತದೆ. ಕೆಂಪಗೆ ಹುರಿದರೆ ಆ ಕಿಣ್ವ ಸತ್ತೇಹೋಗುತ್ತದೆ. ಸಾದಾ ಹಿಟ್ಟು ಎರಡು ಚಮಚಕ್ಕೇ ಅಂಟಾಗುವ ಕಡೆ ಮೊಳಕೆ ಹಿಟ್ಟು ಹೆಚ್ಚು ಹಾಕಿದರೂ ಸರಿ ಚಮಚದಿಂದ ಜಾರುತ್ತದೆ. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು. ಆ ಜಾಗಕ್ಕೆ ನೀರು ತುಂಬದೆ ರಾಗಿ ತುಂಬಲು ಇದೇ ಉಪಾಯ. ತಣ್ಣೀರಲ್ಲಿ ಹಿಟ್ಟು ಕದಡಿ, ಸಣ್ಣ ಉರಿಯಲ್ಲಿ ನಿಧಾನ ಕಾಯಿಸು. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ಒಂದು ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪವನ್ನಂತೂ ನಾಲಗೆಗೆ ತಾಕಿಸಲೂಬೇಡ, ಯಾವ ಅಜ್ಜಿ ಹೇಳಿದರೂ ಸರಿ. ಎದೆಹಾಲು ಎಂದಿನಂತೆ ನಡೆಯಲಿ. ರಾಗಿಯೊಂದೇ ಅಲ್ಲ, ದಿನಕ್ಕೊಂದು ಹೊತ್ತು ಬೇಳೆ-ಅನ್ನ ಕಿವುಚಿ ಕೊಡು, ಬೆಂದ ಸಿಹಿಗುಂಬಳ, ಪಪ್ಪಾಯಿ, ಮನೆಯಲ್ಲಿ ನಡೆಯುವುದಾದರೆ ಮೊಟ್ಟೆ.

ಮೂರು ಚಮಚ ತಿಂದು ಮುಖ ತಿರುಗಿಸಿತೇ? ಬಾಯಿ ಬಿಡಿಸಿ ತುರುಕಲು ಹೋಗಬೇಡ. ಬಟ್ಟಲು ಮುಚ್ಚಿಡು, ಎತ್ತಿಕೊಂಡು ಹೊರಗೆ ಹೋಗಿ ಕಾಗೆ ತೋರಿಸು. ಹೊಸದಾಗಿ ಮಾಡಿ ಸಂಜೆ ಕೊಟ್ಟರಾಯಿತು.